ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್‌ಶಾಟ್: ತೆಗೆಯೋದು ಹೇಗೆ, ಅದು ಹೋಗಿ ಕೂರೋದು ಎಲ್ಲಿ

ಲ್ಯಾಪ್‌ಟಾಪ್ ಪರದೆಯ ಫೋಟೋವನ್ನು ಮೊಬೈಲಿನಲ್ಲಿ ಹೊಡೆದು ವಾಟ್ಸಾಪ್‌ಗೆ ಹಾಕುವವರು ಮುಂಬಯಿಯ ನಮ್ಮ ಕನ್ನಡ ಬಳಗದಲ್ಲಿ ಈಗಲೂ ತುಂಬಾ ಜನ ಇದ್ದಾರೆ. ಡೊಂಬಿವಲಿಯಿಂದ ಒಬ್ಬರು ಬುಕ್ ಆಗದ ರೈಲು ಟಿಕೆಟಿನ ಪುಟ ಕಳಿಸುತ್ತಾರೆ. ಕಾಂದಿವಲಿಯಿಂದ ಇನ್ನೊಬ್ಬರು ಮಗಳ ಅಡ್ಮಿಷನ್ ಫಾರಂ ಕಳಿಸುತ್ತಾರೆ. ಚಿತ್ರ ಓರೆಯಾಗಿರುತ್ತದೆ, ಮೇಲೆಲ್ಲ ಬಣ್ಣಬಣ್ಣದ ಗೆರೆ, ನಡುವೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ. ಓದಬೇಕಾದ ಸಾಲು ಒಂದೇ ಒಂದು, ಅದೇ ಓದಲು ಬರುವುದಿಲ್ಲ. ಪರದೆಯೂ ಚುಕ್ಕಿಗಳ ಜಾಲರಿ, ಕ್ಯಾಮೆರಾದ ಕಣ್ಣೂ ಚುಕ್ಕಿಗಳ ಜಾಲರಿ. ಎರಡೂ ಒಂದಕ್ಕೊಂದು ಹೊಂದದೇ ಇದ್ದಾಗ ಆ ಗೆರೆಗಳು ಏಳುತ್ತವೆ. ಎಷ್ಟು ಒಳ್ಳೆಯ ಫೋನ್ ಇದ್ದರೂ ಇದು ತಪ್ಪದು.

ಸ್ಕ್ರೀನ್‌ಶಾಟ್ ತೆಗೆಯುವುದು ಇವರಿಗೆ ಗೊತ್ತಿಲ್ಲ ಅಂತಲ್ಲ. ಹೆಚ್ಚಿನವರು ಪ್ರಿಂಟ್ ಸ್ಕ್ರೀನ್ ಕೀ ಒಮ್ಮೆಯಾದರೂ ಒತ್ತಿ ನೋಡಿರುತ್ತಾರೆ. ಆಮೇಲೆ ಫೋನಿನಲ್ಲಿ ನಾನು ಕೇಳುವ ಮಾತು ಒಂದೇ: "ಒತ್ತಿದೆ ಮಾರಾಯ, ಏನೂ ಆಗ್ಲೇ ಇಲ್ಲ."

ಆಗಿರುತ್ತದೆ. ಚಿತ್ರ ಬಂದಿರುತ್ತದೆ, ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ ಕಂಡಿರುವುದಿಲ್ಲ. ಅದಕ್ಕೇ ಕೀಗಳ ಪಟ್ಟಿ ಬಾಯಿಪಾಠ ಮಾಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಸ್ಕ್ರೀನ್‌ಶಾಟ್ ಎರಡು ಕಡೆ ಹೋಗಬಹುದು. ಒಂದು, ಕ್ಲಿಪ್‌ಬೋರ್ಡ್. ನೀವು ಕಾಪಿ ಮಾಡಿದ ಅಕ್ಷರಗಳು ಪೇಸ್ಟ್ ಮಾಡುವ ತನಕ ಇರುತ್ತವಲ್ಲ, ಅದೇ ಜಾಗ. ಇನ್ನೊಂದು, ಫೈಲ್ ಆಗಿ ಯಾವುದೋ ಫೋಲ್ಡರ್. ಯಾವ ಕೀ ಒತ್ತಿದರೆ ಎಲ್ಲಿಗೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಕೀ ಹುಡುಕಿ

ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟ್ ಸ್ಕ್ರೀನ್ ಕೀ ಸಾಮಾನ್ಯವಾಗಿ ಮೇಲಿನ ಸಾಲಿನಲ್ಲಿ ಬಲಗಡೆ ಇರುತ್ತದೆ. ಜಾಗ ಸಾಲದೆ ಹೆಸರನ್ನು PrtSc ಅಂತಲೋ PrtScn ಅಂತಲೋ ಮೊಟಕು ಮಾಡಿ ಬರೆದಿರುತ್ತಾರೆ, ಅದಕ್ಕೇ ಬೇಗ ಕಣ್ಣಿಗೆ ಬೀಳುವುದಿಲ್ಲ. ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಬಹಳಷ್ಟು ಸಲ ಅದು ಕೆಳಗಿನ ಸಾಲಿನಲ್ಲಿ, ಬಲಗಡೆಯ ಆಲ್ಟ್ ಮತ್ತು ಕಂಟ್ರೋಲ್ ನಡುವೆ ಇರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಕೀಗೆ ಎರಡು ಕೆಲಸ. ಪ್ರಿಂಟ್ ಸ್ಕ್ರೀನ್ ಹೆಸರು ಸಣ್ಣದಾಗಿ ಅಥವಾ ಬೇರೆ ಬಣ್ಣದಲ್ಲಿ ಇದ್ದರೆ, ಎಡಗಡೆ ಕೆಳಗಿರುವ ಎಫ್‌ಎನ್ ಕೀಯನ್ನು ಹಿಡಿದುಕೊಂಡೇ ಅದನ್ನು ಒತ್ತಬೇಕು.

ಆ ಕೀ ಇಲ್ಲವೇ ಇಲ್ಲ ಅಂದರೂ ಚಿಂತೆ ಬೇಡ. ಎಫ್‌ಎನ್, ವಿಂಡೋಸ್ (ಕಿಟಕಿಯ ಗುರುತು ಇರುವ ಕೀ), ಸ್ಪೇಸ್‌ಬಾರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಕೆಲವು ಮಾದರಿಗಳಲ್ಲಿ ಅದೇ ಕೆಲಸ ಆಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಮುಂದೆ ಹೇಳುತ್ತೇನೆ, ಅದಕ್ಕೆ ಪ್ರಿಂಟ್ ಸ್ಕ್ರೀನ್ ಕೀ ಬೇಕಾಗಿಯೇ ಇಲ್ಲ.

ವಿಂಡೋಸ್‌ನಲ್ಲಿ: ಅವಸರದ ದಾರಿ

ಗಣೇಶ ಚೌತಿಗೆ ಊರಿಗೆ ಹೋಗಬೇಕು, ಮತ್ಸ್ಯಗಂಧ ರೈಲಿನಲ್ಲಿ ತತ್ಕಾಲ್ ಟಿಕೆಟ್ ಹಿಡಿಯುತ್ತಿದ್ದೀರಿ ಅಂದುಕೊಳ್ಳಿ. ಸ್ಲೀಪರಿಗೆ ಬುಕಿಂಗ್ ತೆರೆಯುವುದು ಹಿಂದಿನ ದಿನ ಬೆಳಿಗ್ಗೆ 11ಕ್ಕೆ, ಎಸಿಗೆ 10ಕ್ಕೆ. ದುಡ್ಡು ಕಟ್ ಆಯಿತು, ಪುಟ ಮಾತ್ರ ಅಲ್ಲೇ ನಿಂತಿತು. ಒಂದೆರಡು ಸೆಕೆಂಡಿನಲ್ಲಿ ಅದೂ ಮಾಯ ಆಗಬಹುದು. ಇಂಥ ಹೊತ್ತಿನಲ್ಲಿ ಮೌಸ್ ಎಳೆಯುತ್ತಾ ಕೂರಬೇಡಿ. ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿ. ಪರದೆ ಒಂದು ಕ್ಷಣ ಮಬ್ಬಾಗುತ್ತದೆ. ಅಷ್ಟೇ, ಚಿತ್ರ ಫೈಲ್ ಆಗಿ ಸೇವ್ ಆಯಿತು. ಪಿಕ್ಚರ್ಸ್ ಫೋಲ್ಡರ್ ಒಳಗೆ ಸ್ಕ್ರೀನ್‌ಶಾಟ್ಸ್ ಅನ್ನುವ ಫೋಲ್ಡರ್ ಇರುತ್ತದೆ, ಅಲ್ಲಿ ನೋಡಿ.

ಸುಮ್ನೆ ಪ್ರಿಂಟ್ ಸ್ಕ್ರೀನ್ ಮಾತ್ರ ಒತ್ತಿದರೆ ಹಳೆಯ ವಿಂಡೋಸ್‌ಗಳಲ್ಲಿ ಚಿತ್ರ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ಶಬ್ದ ಇಲ್ಲ, ಪರದೆ ಮಿನುಗುವುದಿಲ್ಲ, ಫೈಲ್ ಹುಟ್ಟುವುದಿಲ್ಲ. "ಏನೂ ಆಗ್ಲೇ ಇಲ್ಲ" ಅನ್ನಿಸುವುದು ಇದರಿಂದಲೇ. ಘಾಟ್ಕೋಪರ್‌ನ ಹೋಟೆಲಿನವರೊಬ್ಬರು ಹೀಗೇ ಫೋನ್ ಮಾಡಿದಾಗ ನಾನು ಹೇಳಿದ್ದು ಇಷ್ಟೇ: "ಅಣ್ಣಾ, ಈಗ ವಾಟ್ಸಾಪ್ ವೆಬ್ ತೆರೆದು ನನ್ನ ಚಾಟ್‌ಗೆ ಬನ್ನಿ. ಬರೆಯುವ ಜಾಗದಲ್ಲಿ ಕ್ಲಿಕ್ ಮಾಡಿ. ಕಂಟ್ರೋಲ್ ಹಿಡಿದು ವಿ ಒತ್ತಿ." ಆ ಕಡೆಯಿಂದ "ಓ, ಬಂತಲ್ಲ!" ಅಂತ ಒಂದು ಕೂಗು. ಇಷ್ಟು ಹೊತ್ತೂ ಚಿತ್ರ ಅಲ್ಲೇ ಕಾದು ಕೂತಿತ್ತು. ಜಿಮೇಲ್, ವರ್ಡ್, ಪೇಂಟ್ ಎಲ್ಲದರಲ್ಲೂ ಹೀಗೇ ಪೇಸ್ಟ್ ಮಾಡಬಹುದು. ಫೈಲ್ ಆಗಿ ಬೇಕಿದ್ದರೆ ಪೇಂಟ್ ತೆರೆದು ಪೇಸ್ಟ್ ಮಾಡಿ, ಕಂಟ್ರೋಲ್ ಮತ್ತು ಎಸ್ ಒತ್ತಿ, ಹೆಸರು ಕೊಟ್ಟು ಸೇವ್ ಮಾಡಿ.

ಒಂದು ಎಚ್ಚರ. ಕ್ಲಿಪ್‌ಬೋರ್ಡಿನಲ್ಲಿ ಇನ್ನೊಂದು ಏನನ್ನಾದರೂ ಕಾಪಿ ಮಾಡಿದರೆ ಹಿಂದಿನದು ಹೋಯಿತು. ಇದನ್ನು ತಪ್ಪಿಸಲು ವಿಂಡೋಸ್ ಮತ್ತು ವಿ ಒಟ್ಟಿಗೆ ಒತ್ತಿ, ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿಟ್ಟುಕೊಳ್ಳಿ. ಕಡೆಯ 25 ಕಾಪಿಗಳವರೆಗೆ ಅಲ್ಲಿ ಉಳಿಯುತ್ತವೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದರೆ, ಪಿನ್ ಮಾಡಿಟ್ಟವು ಬಿಟ್ಟು ಬೇರೆಲ್ಲ ಅಳಿಸಿಹೋಗುತ್ತವೆ.

ಆಲ್ಟ್ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಮುಂದೆ ಇರುವ ಒಂದೇ ವಿಂಡೋ ಕಾಪಿ ಆಗುತ್ತದೆ. ಹಿಂದೆ ತೆರೆದಿಟ್ಟ ಬೇರೆ ವಿಂಡೋಗಳು, ಡೆಸ್ಕ್‌ಟಾಪಿನ ಮನೆ ಫೋಟೋ ಯಾವುದೂ ಬರುವುದಿಲ್ಲ. ಆಫೀಸಿನವರಿಗೆ ಕಳಿಸುವಾಗ ಇದು ಒಳ್ಳೇದು.

ವಿಂಡೋಸ್‌ನಲ್ಲಿ: ದಿನಬಳಕೆಯ ದಾರಿ

ಒಂದೇ ಒಂದು ಕಲಿತರೆ ಸಾಕು ಅನ್ನುವವರಿಗೆ ನಾನು ಕಲಿಸುವುದು ಇದನ್ನೇ: ವಿಂಡೋಸ್, ಶಿಫ್ಟ್, ಎಸ್. ಮೊದಲೆರಡನ್ನು ಎಡಗೈಯಲ್ಲಿ ಹಿಡಿದುಕೊಂಡು ಎಸ್ ಒತ್ತಿ. ಪರದೆ ಪೂರ್ತಿ ಮಬ್ಬಾಗುತ್ತದೆ, ಮೇಲೆ ನಡುವೆ ಒಂದು ಸಣ್ಣ ಪಟ್ಟಿ ಕಾಣುತ್ತದೆ, ಮೌಸಿನ ಬಾಣ ಹೋಗಿ ಕೂಡಿಸುವ ಚಿಹ್ನೆ ಬರುತ್ತದೆ. ಬೇಕಾದ ಭಾಗದ ಎಡಗಡೆ ಮೇಲಿನ ಮೂಲೆಯಲ್ಲಿ ಒತ್ತಿ ಹಿಡಿದು, ಬಲಗಡೆ ಕೆಳಗಿನ ಮೂಲೆಯ ತನಕ ಎಳೆದು ಬಿಡಿ. ಎಳೆದ ಚೌಕದೊಳಗಿನದಷ್ಟೇ ಸಿಕ್ಕಿತು.

ಮೌಸ್ ಇಲ್ಲದೆ ಟಚ್‌ಪ್ಯಾಡಿನಲ್ಲಿ ಎಳೆಯುವುದು ಹಲವರಿಗೆ ಕಷ್ಟ. ಒಂದೇ ಬೆರಳಲ್ಲಿ ಒತ್ತಿ ಎಳೆಯಲು ಹೋಗಿ ನಡುವೆ ಬೆರಳು ಜಾರುತ್ತದೆ, ಅರ್ಧಂಬರ್ಧ ಚಿತ್ರ ಬರುತ್ತದೆ. ಎಡಗೈ ಬೆರಳಿನಿಂದ ಟಚ್‌ಪ್ಯಾಡಿನ ಎಡ ಕೆಳಮೂಲೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಲಗೈ ಬೆರಳಿನಿಂದ ಸರಿಸಿ. ವಯಸ್ಸಾದವರಿಗೆ ಇದು ತುಂಬಾ ಸಲೀಸು.

ಎಳೆದು ಬಿಟ್ಟ ಮೇಲೆ ಚಿತ್ರ ಕ್ಲಿಪ್‌ಬೋರ್ಡಿಗೆ ಬಂದಿರುತ್ತದೆ, ಸೀದಾ ಪೇಸ್ಟ್ ಮಾಡಬಹುದು. ಬಲಗಡೆ ಕೆಳಗೆ ಒಂದು ಚಿಕ್ಕ ಚಿತ್ರವೂ ತೇಲಿ ಬರುತ್ತದೆ. ಅದನ್ನು ಕ್ಲಿಕ್ ಮಾಡಿದರೆ ಸ್ನಿಪ್ಪಿಂಗ್ ಟೂಲ್ ತೆರೆಯುತ್ತದೆ. ಅಲ್ಲಿ ಪೆನ್ನಿನಿಂದ ಸುತ್ತು ಹಾಕಬಹುದು, ಅಂಚು ಕತ್ತರಿಸಬಹುದು, ಬೇಕಾದ ಹೆಸರಿನಲ್ಲಿ ಸೇವ್ ಮಾಡಬಹುದು. ಈಗಿನ ವಿಂಡೋಸ್ 11ರಲ್ಲಿ ತಾನಾಗಿಯೇ ಸ್ಕ್ರೀನ್‌ಶಾಟ್ಸ್ ಫೋಲ್ಡರಿನಲ್ಲೂ ಒಂದು ಪ್ರತಿ ಸೇವ್ ಆಗುತ್ತದೆ. ವಿಂಡೋಸ್ 10ರಲ್ಲಿ ಹಾಗಿಲ್ಲ, ನೀವೇ ಸೇವ್ ಮಾಡಬೇಕು.

ಹೊಸ ವಿಂಡೋಸ್ 11ರಲ್ಲಿ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿದರೂ ಇದೇ ಮಬ್ಬು ಪರದೆ ಬರುತ್ತದೆ. ಅದು ನಿಮಗೆ ಬೇಡ, ಹಳೇ ರೀತಿಯೇ ಇರಲಿ ಅನ್ನುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್‌ಗೆ ಹೋಗಿ ಪ್ರಿಂಟ್ ಸ್ಕ್ರೀನ್ ಬಗ್ಗೆ ಇರುವ ಸ್ವಿಚ್ಚನ್ನು ಆಫ್ ಮಾಡಿ.

ಕೆಲವು ಮೆನುಗಳು ಕೀ ಒತ್ತಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ಅವನ್ನು ಹಿಡಿಯಲು ಸ್ಟಾರ್ಟ್‌ನಲ್ಲಿ ಸ್ನಿಪ್ಪಿಂಗ್ ಟೂಲ್ ಹುಡುಕಿ ತೆರೆಯಿರಿ, ಗಡಿಯಾರದ ಗುರುತು ಒತ್ತಿ 3, 5 ಅಥವಾ 10 ಸೆಕೆಂಡ್ ಆರಿಸಿ. ನ್ಯೂ ಒತ್ತಿ, ಆ ಸಮಯದೊಳಗೆ ಮೆನು ತೆರೆದಿಡಿ. ನಾನಂತೂ ಯಾವಾಗಲೂ 5 ಇಡುತ್ತೇನೆ. 3 ಸಾಲುವುದಿಲ್ಲ, 10 ಕಾಯುವಷ್ಟರಲ್ಲಿ ಬೇಜಾರು.

ಒತ್ತಿದರೂ ಬರದಿದ್ದರೆ

ಫೋಲ್ಡರಿನಲ್ಲಿ ಕಾಣದಿದ್ದರೆ ಮೊದಲು ಒನ್‌ಡ್ರೈವ್, ಅಂದರೆ ಫೈಲ್‌ಗಳನ್ನು ಆನ್‌ಲೈನ್‌ನಲ್ಲಿ ಇಡುವ ಮೈಕ್ರೋಸಾಫ್ಟಿನ ಜಾಗ, ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪಿಕ್ಚರ್ಸ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಸೇರಿಹೋಗಿರುತ್ತದೆ. ಚಿತ್ರವೂ ಅಲ್ಲೇ, ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್‌ನಲ್ಲಿ ಇರುತ್ತದೆ.

ಚಿತ್ರ ಬಂದಿದೆ, ಆದರೆ ಪೂರ್ತಿ ಕಪ್ಪು ಅಂದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಸಿನಿಮಾ ತೋರಿಸುವ ಕೆಲವು ಓಟಿಟಿಗಳು ನಕಲು ಮಾಡದಂತೆ ಬೀಗ ಹಾಕಿರುತ್ತವೆ, ಅವು ಹೀಗೇ ಬರುತ್ತವೆ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಕಂಪನಿಯವರೇ ಸ್ಕ್ರೀನ್‌ಶಾಟ್ ನಿಲ್ಲಿಸಿರಬಹುದು. ಅದನ್ನು ಮೀರುವ ದಾರಿ ಹುಡುಕಬೇಡಿ, ಐಟಿಯವರನ್ನು ಕೇಳಿ.

ಮ್ಯಾಕ್ ಮತ್ತು ಉಳಿದವು

ಮ್ಯಾಕ್‌ಬುಕ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಕೀ ಇಲ್ಲ. ಕಮಾಂಡ್ ಮತ್ತು ಶಿಫ್ಟ್ ಹಿಡಿದು 3 ಒತ್ತಿದರೆ ಪೂರ್ತಿ ಪರದೆ, 4 ಒತ್ತಿದರೆ ಎಳೆದು ಆರಿಸುವ ಭಾಗ, 5 ಒತ್ತಿದರೆ ಎಲ್ಲ ಆಯ್ಕೆಗಳಿರುವ ಪಟ್ಟಿ. ಈ ಪಟ್ಟಿ ಬಂದದ್ದು 2018ರ ಮೊಹಾವೆ ಆವೃತ್ತಿಯಿಂದ. ವಿಡಿಯೋ ರೆಕಾರ್ಡಿಂಗ್, ಟೈಮರ್ ಎರಡೂ ಅದರಲ್ಲೇ ಇವೆ. 4 ಒತ್ತಿದ ಮೇಲೆ ಸ್ಪೇಸ್‌ಬಾರ್ ಒತ್ತಿದರೆ ಬಾಣ ಕ್ಯಾಮೆರಾ ಆಗುತ್ತದೆ, ಬೇಕಾದ ವಿಂಡೋ ಮೇಲೆ ಕ್ಲಿಕ್ ಮಾಡಿ. ವಿಂಡೋಸ್‌ಗೆ ಹೋಲಿಸಿದರೆ ಇಲ್ಲಿ ಕತೆ ಉಲ್ಟಾ. ಚಿತ್ರ ಸೀದಾ ಫೈಲ್ ಆಗಿ ಡೆಸ್ಕ್‌ಟಾಪಿನಲ್ಲಿ ಕೂರುತ್ತದೆ. ಕ್ಲಿಪ್‌ಬೋರ್ಡಿಗೆ ಬೇಕಿದ್ದರೆ ಇದೇ ಕೀಗಳ ಜೊತೆ ಕಂಟ್ರೋಲ್ ಸೇರಿಸಿ.

ಉಬುಂಟು 22.04 ಮತ್ತು ಆಮೇಲಿನದರಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಆಯ್ಕೆಗಳು ಬರುತ್ತವೆ. ಕ್ರೋಮ್‌ಬುಕ್‌ನಲ್ಲಿ ಕಂಟ್ರೋಲ್ ಹಿಡಿದು, ಮೇಲಿನ ಸಾಲಿನಲ್ಲಿ ವಿಂಡೋಗಳ ಚಿತ್ರ ಇರುವ ಕೀ ಒತ್ತಬೇಕು.

ಉದ್ದದ ಪುಟ, ಮರಾಠಿ ಪುಟ

ಪರದೆಯಲ್ಲಿ ಕಾಣುವುದಕ್ಕಿಂತ ಪುಟ ಉದ್ದ ಇದ್ದರೆ ತುಂಡು ತುಂಡಾಗಿ ತೆಗೆದು ಅಂಟಿಸಬೇಕಿಲ್ಲ. ಎಡ್ಜ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ, ಪೂರ್ತಿ ಪುಟ ಅನ್ನುವುದನ್ನು ಆರಿಸಿ. ಕ್ರೋಮ್‌ನಲ್ಲಿ ಸ್ವಲ್ಪ ಸುತ್ತುದಾರಿ. ಕಂಟ್ರೋಲ್, ಶಿಫ್ಟ್, ಐ ಒತ್ತಿದರೆ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಪಿ. ಇಂಗ್ಲಿಷಿನಲ್ಲಿ ಸ್ಕ್ರೀನ್‌ಶಾಟ್ ಅಂತ ಟೈಪ್ ಮಾಡಿ, ಫುಲ್ ಸೈಜ್ ಅನ್ನುವುದನ್ನು ಒತ್ತಿ. ಚಿತ್ರ ಡೌನ್‌ಲೋಡ್ಸ್‌ಗೆ ಬರುತ್ತದೆ. ರಸೀದಿ ಅಥವಾ ಅರ್ಜಿ ಆಗಿದ್ದರೆ ಇಷ್ಟೆಲ್ಲ ಬೇಡ. ಕಂಟ್ರೋಲ್ ಮತ್ತು ಪಿ ಒತ್ತಿ ಪಿಡಿಎಫ್ ಆಗಿ ಸೇವ್ ಮಾಡಿ. ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುತ್ತವೆ, ಹುಡುಕಬಹುದು, ಪ್ರಿಂಟೂ ಚೆನ್ನಾಗಿ ಬರುತ್ತದೆ.

ಇಲ್ಲಿರುವ ನಮಗೆ ಸ್ಕ್ರೀನ್‌ಶಾಟಿನಿಂದ ಇನ್ನೊಂದು ಉಪಯೋಗ ಇದೆ. ಮಹಾರಾಷ್ಟ್ರ ಸರ್ಕಾರದ ಪುಟಗಳು ಎಷ್ಟೋ ಸಲ ಮರಾಠಿಯಲ್ಲಿರುತ್ತವೆ. ಊರಿಂದ ಹೊಸದಾಗಿ ಬಂದವರು ದೇವನಾಗರಿಯನ್ನು ಹೇಗೋ ಕೂಡಿಸಿ ಓದಿದರೂ ಕಚೇರಿ ಮರಾಠಿ ತಲೆಗೆ ಹೋಗುವುದಿಲ್ಲ. ಅರ್ಥವಾಗದ ಭಾಗವನ್ನು ವಿಂಡೋಸ್, ಶಿಫ್ಟ್, ಎಸ್ ಒತ್ತಿ ಹಿಡಿಯಿರಿ. ಗೂಗಲ್ ಟ್ರಾನ್ಸ್‌ಲೇಟ್ ಪುಟದಲ್ಲಿ ಇಮೇಜಸ್‌ಗೆ ಹೋಗಿ ಪೇಸ್ಟ್ ಮಾಡಿ, ಕನ್ನಡ ಆರಿಸಿ. ಅನುವಾದ ಅಲ್ಲಲ್ಲಿ ಎಡವುತ್ತದೆ, ಆದರೆ ಯಾವ ಕಾಗದ ಕೇಳುತ್ತಿದ್ದಾರೆ ಅನ್ನುವುದು ತಿಳಿಯುತ್ತದೆ. ಆಧಾರ್ ನಂಬರ್, ವಿಳಾಸ ಇರುವ ಭಾಗವನ್ನು ಮಾತ್ರ ಅಲ್ಲಿಗೆ ಹಾಕಬೇಡಿ.

ಏನು ಕಾಣಬೇಕು, ಏನು ಮುಚ್ಚಬೇಕು

ಕೀ ಒತ್ತುವುದು ಸುಲಭ. ನೋಡುವವರಿಗೆ ಕೆಲಸಕ್ಕೆ ಬರುವ ಹಾಗೆ ತೆಗೆಯುವುದಕ್ಕೆ ಸ್ವಲ್ಪ ಯೋಚನೆ ಬೇಕು.

ಏನೋ ಕೆಟ್ಟಿದೆ, ಸಹಾಯ ಬೇಕು ಅಂತ ಕಳಿಸುವಾಗ ಎರರ್ ಬಾಕ್ಸ್ ಒಂದನ್ನೇ ಕತ್ತರಿಸಿ ಕಳಿಸಬೇಡಿ. ಸುತ್ತಲಿನ ಪುಟವೂ ಕಾಣಲಿ, ಮೇಲಿನ ವೆಬ್ ವಿಳಾಸವೂ ಕಾಣಲಿ. ನೀರಿನ ಬಿಲ್ ಕಟ್ಟಲು ಆಗುತ್ತಿಲ್ಲ ಅಂತ ನೆರೆಮನೆಯವರು ಒಮ್ಮೆ ಕಳಿಸಿದ ಚಿತ್ರದಲ್ಲಿ ಸರಿಯಾದ ನಂಬರ್ ಹಾಕಿ ಅನ್ನುವ ಕೆಂಪು ಸಾಲು ಮಾತ್ರ ಇತ್ತು. ಯಾವ ನಂಬರ್? ಇಡೀ ಪುಟ ಕಳಿಸಲು ಹೇಳಿದೆ. ಆಗ ಗೊತ್ತಾಯಿತು, ಗ್ರಾಹಕ ಸಂಖ್ಯೆಯ ಖಾನೆಯಲ್ಲಿ ಬಿಲ್ ಸಂಖ್ಯೆ ಕೂತಿತ್ತು. ಇಡೀ ಪುಟ ಮೊದಲೇ ಬಂದಿದ್ದರೆ ಒಂದು ನಿಮಿಷದ ಕೆಲಸ.

ದೂರಿಗೋ ಹಣದ ವಿಷಯಕ್ಕೋ ಆದರೆ ತಾರೀಕು ಮತ್ತು ಸಮಯ ಕಾಣಬೇಕು. ಪರದೆಯ ಮೂಲೆಯಲ್ಲಿರುವ ಗಡಿಯಾರವೂ ಬರುವಂತೆ ಪೂರ್ತಿ ಪರದೆ ತೆಗೆಯಿರಿ. ಯುಪಿಐ ವ್ಯವಹಾರಕ್ಕೆ 12 ಅಂಕಿಯ ರೆಫರೆನ್ಸ್ ನಂಬರ್ ಇರುತ್ತದೆ. ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ. ಅಕ್ಷರ ಸಣ್ಣದಿದ್ದರೆ ತೆಗೆಯುವ ಮೊದಲೇ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಪುಟ ದೊಡ್ಡದು ಮಾಡಿಕೊಳ್ಳಿ. ಆಮೇಲೆ ಚಿತ್ರವನ್ನು ಹಿಗ್ಗಿಸಿದರೆ ಮಸುಕಾಗುತ್ತದೆ.

ಈಗ ಮುಚ್ಚುವ ಮಾತು. ಆಧಾರಿನ ಮೊದಲ 8 ಅಂಕಿ, ಪ್ಯಾನ್, ಖಾತೆ ಸಂಖ್ಯೆ, ಜನ್ಮದಿನಾಂಕ, ಮೊಬೈಲ್ ನಂಬರ್ ಇವು ಬೇಡದವರ ಕೈಗೆ ಹೋಗಬಾರದು. ತುಂಬಾ ಜನ ಹೈಲೈಟರ್ ಪೆನ್ನಿನಲ್ಲಿ ಗೀಚಿ ಮುಚ್ಚಿದೆ ಅಂದುಕೊಳ್ಳುತ್ತಾರೆ. ಅದು ಪಾರದರ್ಶಕ. ಬ್ರೈಟ್‌ನೆಸ್ ಹೆಚ್ಚಿಸಿದರೆ ಕೆಳಗಿನ ಅಂಕಿ ಎದ್ದು ಬರುತ್ತದೆ. ಮಸುಕು ಮಾಡುವುದೂ ಗಟ್ಟಿಯಲ್ಲ, ಅಂಕಿಗಳನ್ನು ಊಹಿಸಿ ತೆಗೆಯಬಹುದು. ಪೇಂಟ್‌ನಲ್ಲಿ ಚೌಕದ ಆಕಾರ ಆರಿಸಿ, ಫಿಲ್‌ನಲ್ಲಿ ಸಾಲಿಡ್ ಕಲರ್ ಕೊಟ್ಟು, ಎರಡೂ ಬಣ್ಣ ಕಪ್ಪು ಮಾಡಿ, ಅಂಕಿಗಳ ಮೇಲೆ ಎಳೆಯಿರಿ. ಸೇವ್ ಮಾಡಿ. ಹಾಗೆ ಮುಚ್ಚಿದ್ದನ್ನು ಯಾರೂ ತೆರೆಯಲಾರರು.

ಕತ್ತರಿಸಿದ ಭಾಗವೂ ನಿಜವಾಗಿ ಹೋಯಿತಾ ಅನ್ನುವ ಪ್ರಶ್ನೆ 2023ರ ಮಾರ್ಚಿನಲ್ಲಿ ಎದ್ದಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ಚಿತ್ರ ಕತ್ತರಿಸಿ ಅದೇ ಫೈಲಿನ ಮೇಲೆ ಸೇವ್ ಮಾಡಿದರೆ, ಕತ್ತರಿಸಿದ ಭಾಗದ ಮಾಹಿತಿ ಫೈಲಿನೊಳಗೆ ಉಳಿದುಬಿಡುತ್ತಿತ್ತು, ಅದನ್ನು ಹೊರತೆಗೆಯಲು ಬರುತ್ತಿತ್ತು. ಮೈಕ್ರೋಸಾಫ್ಟ್ ಅದೇ ತಿಂಗಳು ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ನಿಮ್ಮ ಲ್ಯಾಪ್‌ಟಾಪ್ ಅಪ್‌ಡೇಟ್ ಕಾಣದೆ ವರ್ಷಗಳಾಗಿದ್ದರೆ, ಕತ್ತರಿಸಿದ ಚಿತ್ರವನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಇಲ್ಲವೇ ಬೇಕಾದ ಭಾಗವನ್ನಷ್ಟೇ ಮೊದಲೇ ಎಳೆದು ತೆಗೆಯಿರಿ.

ಬ್ರೌಸರಿನ ಮೇಲಿನ ಟ್ಯಾಬ್‌ಗಳನ್ನೂ ಒಮ್ಮೆ ಓದಿ. ಯಾವ ಆಸ್ಪತ್ರೆ, ಯಾವ ಸಾಲ, ಯಾವ ಮದುವೆ ಜಾಲತಾಣ ಅನ್ನುವುದೆಲ್ಲ ಅಲ್ಲಿ ಬರೆದಿರುತ್ತದೆ. ಸಂಘದ ಗ್ರೂಪಿಗೆ ಹಾಕುವ ಮೊದಲು ಅದು ಬೇಕಾ ಯೋಚಿಸಿ.

ಕಳಿಸುವಾಗ

ಸ್ಕ್ರೀನ್‌ಶಾಟ್ ಸಾಮಾನ್ಯವಾಗಿ ಪಿಎನ್‌ಜಿ ಆಗಿ ಸೇವ್ ಆಗುತ್ತದೆ. ಅಕ್ಷರಗಳ ಅಂಚು ಚೂಪಾಗಿ ಉಳಿಯುವುದು ಇದರಲ್ಲೇ, ಆದ್ದರಿಂದ ಸುಮ್ನೆ ಬದಲಾಯಿಸಬೇಡಿ. ವಾಟ್ಸಾಪ್ ಫೋಟೋಗಳನ್ನು ಕುಗ್ಗಿಸುತ್ತದೆ. ಸಣ್ಣ ಅಕ್ಷರದ ಪುಟ ಆಗಿದ್ದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇದ್ದದ್ದು ಇದ್ದ ಹಾಗೇ ತಲುಪುತ್ತದೆ.

ಜೆಪಿಜಿಯೇ ಬೇಕು, ಇಷ್ಟು ಕೆಬಿ ಒಳಗೇ ಇರಬೇಕು ಅಂತ ಅರ್ಜಿಗಳು ಕೇಳುತ್ತವಲ್ಲ, ಆಗ ಚಿತ್ರವನ್ನು ಪೇಂಟ್‌ನಲ್ಲಿ ತೆರೆಯಿರಿ. ರೀಸೈಜ್ ಒತ್ತಿ ಶೇಕಡಾ 70ಕ್ಕೋ 50ಕ್ಕೋ ಇಳಿಸಿ. ಸೇವ್ ಆ್ಯಸ್‌ನಲ್ಲಿ ಜೆಪಿಇಜಿ ಆರಿಸಿ. ಚಿತ್ರ ತೆರೆದು ಅಕ್ಷರ ಓದಲು ಬರುತ್ತದಾ ನೋಡಿ, ಆಮೇಲೆ ಅಪ್‌ಲೋಡ್ ಮಾಡಿ. ಫೈಲಿಗೆ ಕನ್ನಡದಲ್ಲೇ ಹೆಸರು ಕೊಡಬಹುದು, ವಿಂಡೋಸ್ ಮತ್ತು ಮ್ಯಾಕ್ ಎರಡೂ ಒಪ್ಪುತ್ತವೆ. ಅಪ್‌ಲೋಡ್ ಮಾಡೋದಿದ್ದರೆ ಮಾತ್ರ ಚಿಕ್ಕ ಇಂಗ್ಲಿಷ್ ಹೆಸರು ಸುರಕ್ಷಿತ.

ಸ್ಕ್ರೀನ್‌ಶಾಟನ್ನು ಎಲ್ಲಿ ನಂಬಬಾರದು

ಅಂಗಡಿ, ಹೋಟೆಲ್, ಕ್ಯಾಂಟೀನ್ ನಡೆಸುವ ನಮ್ಮವರು ಇದನ್ನು ದಯವಿಟ್ಟು ಗಮನಿಸಿ. ಗಿರಾಕಿ ತೋರಿಸುವ ಪೇಮೆಂಟ್ ಸ್ಕ್ರೀನ್‌ಶಾಟ್ ಹಣ ಬಂದದ್ದಕ್ಕೆ ಸಾಕ್ಷಿ ಅಲ್ಲ. ಅಂಥ ಚಿತ್ರದ ಅಂಕಿ, ಹೆಸರು ಬದಲಾಯಿಸುವುದು ನಿಮಿಷದ ಕೆಲಸ. ನಿಮ್ಮ ಖಾತೆಯಲ್ಲೋ ಸೌಂಡ್‌ಬಾಕ್ಸಿನಲ್ಲೋ ಹಣ ಬಂದದ್ದು ಗೊತ್ತಾದ ಮೇಲೆ ಸಾಮಾನು ಕೊಡಿ. ಲೋಕಲ್ ರೈಲಿನಲ್ಲೂ ಮೊಬೈಲ್ ಟಿಕೆಟನ್ನು ಆ್ಯಪಿನೊಳಗೇ ತೆರೆದು ತೋರಿಸಬೇಕು, ಅದರ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಮೋಸ ಹೋದಿರಿ ಅಂದುಕೊಳ್ಳಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸ್ಕ್ರೀನ್‌ಶಾಟ್ ಆಮೇಲೆ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಸಾಧ್ಯತೆ ಜಾಸ್ತಿ. ನಂತರ ಚಾಟ್, ನಂಬರ್, ವೆಬ್ ವಿಳಾಸ, ವ್ಯವಹಾರದ ಪುಟ ಎಲ್ಲವನ್ನೂ ತಾರೀಕು ಕಾಣುವಂತೆ ತೆಗೆದಿಡಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡುವಾಗ ಇವನ್ನು ಸೇರಿಸಬಹುದು. ಈ ಪ್ರತಿಗಳ ಮೇಲೆ ಏನೂ ಬರೆಯಬೇಡಿ, ಕತ್ತರಿಸಬೇಡಿ. ಗುರುತು ಹಾಕಬೇಕಿದ್ದರೆ ಇನ್ನೊಂದು ಪ್ರತಿಯಲ್ಲಿ ಹಾಕಿ. ಮೂಲ ಚಾಟನ್ನೂ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಕೋರ್ಟಿನಲ್ಲಿ ಇಂಥ ಡಿಜಿಟಲ್ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಮೂಲ ಉಳಿಸಿಕೊಳ್ಳುವುದು ನಿಮ್ಮ ಪಾಲಿನ ಕೆಲಸ.

ಉಳಿದ ಚಿತ್ರಗಳನ್ನು ಮಾತ್ರ ಕೂಡಿಡಬೇಡಿ. ತಿಂಗಳಿಗೊಮ್ಮೆ ಸ್ಕ್ರೀನ್‌ಶಾಟ್ಸ್ ಫೋಲ್ಡರ್ ತೆರೆದು, ಬ್ಯಾಂಕ್ ಮತ್ತು ಆಧಾರ್ ವಿವರ ಇರುವ, ಕೆಲಸ ಮುಗಿದ ಚಿತ್ರಗಳನ್ನು ಅಳಿಸಿ. ರೀಸೈಕಲ್ ಬಿನ್ ಖಾಲಿ ಮಾಡಿ. ಒನ್‌ಡ್ರೈವ್ ಇದ್ದರೆ ಅದರದೇ ಬೇರೆ ರೀಸೈಕಲ್ ಬಿನ್ ವೆಬ್‌ಸೈಟಿನಲ್ಲಿರುತ್ತದೆ, ಅದನ್ನೂ ಖಾಲಿ ಮಾಡಬೇಕು. ಹಳೇ ಲ್ಯಾಪ್‌ಟಾಪ್ ಮಾರುವ ಯೋಚನೆ ಇದ್ದರೆ ಈ ಕೆಲಸವನ್ನು ಇವತ್ತೇ ಮಾಡಿ.